ಎಸಿ ಡಕ್ಟ್‌ಗೆ ಸ್ಮೋಕ್ ಡಿಟೆಕ್ಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಟ್ಟಡದ ಗಾಳಿ ಸಾಗಿಸುವ ಡಕ್ಟ್‌ಗಳಲ್ಲಿ ಕೂರಿಸುವ ಸ್ಮೋಕ್ ಡಿಟೆಕ್ಟರ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪ್ರಶ್ನೆಗಳ ಬುಡದಲ್ಲಿರುವ ಸಂಗತಿ ಒಂದೇ. ಡಿಟೆಕ್ಟರ್ ಮೇಲೆ ಹಸಿರು ದೀಪ ಮಿನುಗುತ್ತಿದೆ ಎಂದರೆ ಅದಕ್ಕೆ ಕರೆಂಟ್ ಬರುತ್ತಿದೆ ಎಂದಷ್ಟೇ ಅರ್ಥ. ಡಕ್ಟ್‌ನ ಗಾಳಿ ಅದರೊಳಗೆ ಹರಿಯುತ್ತಿದೆಯೇ, ಹೊಗೆ ಸಿಕ್ಕಾಗ ಫ್ಯಾನ್ ನಿಜಕ್ಕೂ ನಿಲ್ಲುತ್ತದೆಯೇ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಪ್ರಶ್ನೆ: ನಮ್ಮ ಕಚೇರಿ ಕಟ್ಟಡದ ಎಲ್ಲ ಕೋಣೆಗಳ ಸೀಲಿಂಗ್‌ನಲ್ಲೂ ಸ್ಮೋಕ್ ಡಿಟೆಕ್ಟರ್ ಇದೆ. ಡಕ್ಟ್‌ಗೂ ಬೇರೆ ಹಾಕಬೇಕೇ? ಡಕ್ಟ್‌ಗೆ ಹಾಕಿದರೆ ಕೋಣೆಯವನ್ನು ಕಡಿಮೆ ಮಾಡಬಹುದೇ?

ಎರಡರ ಕೆಲಸವೂ ಬೇರೆ ಬೇರೆ. ಸೀಲಿಂಗ್ ಡಿಟೆಕ್ಟರ್ ಇರುವುದು ಆ ಕೋಣೆಯ ಬೆಂಕಿಯನ್ನು ಬೇಗ ಹಿಡಿದು ಜನರನ್ನು ಎಚ್ಚರಿಸಲಿಕ್ಕೆ. ಡಕ್ಟ್ ಡಿಟೆಕ್ಟರ್ ಇರುವುದು ಒಂದು ಕಡೆಯ ಹೊಗೆಯನ್ನು ಎಎಚ್‌ಯು (ಗಾಳಿಯನ್ನು ತಣಿಸಿ ಫ್ಯಾನ್‌ನಿಂದ ಡಕ್ಟ್‌ಗಳಿಗೆ ತಳ್ಳುವ ಯಂತ್ರ) ಇಡೀ ಕಟ್ಟಡಕ್ಕೆ ಹಂಚದಂತೆ ತಡೆಯಲಿಕ್ಕೆ. ಅದು ಫ್ಯಾನ್ ನಿಲ್ಲಿಸುತ್ತದೆ, ಸ್ಮೋಕ್ ಡ್ಯಾಂಪರ್ (ಹೊಗೆ ತಡೆಯಲು ಡಕ್ಟ್‌ನೊಳಗೆ ಇರುವ ರೆಕ್ಕೆ ಬಾಗಿಲು) ಮುಚ್ಚಿಸುತ್ತದೆ. ಫ್ಯಾನ್ ಬೆಲ್ಟ್, ಮೋಟರ್, ಫಿಲ್ಟರ್ ಹೊತ್ತಿಕೊಂಡರೂ ಮೊದಲು ಗೊತ್ತಾಗುವುದು ಇದಕ್ಕೇ.

ಒಂದರ ಬದಲು ಇನ್ನೊಂದು ಸಾಲದು. ಡಕ್ಟ್‌ಗೆ ಹಲವು ಕೋಣೆಗಳ ಗಾಳಿ ಬಂದು ಸೇರುತ್ತದೆ, ಹಾಗಾಗಿ ಒಂದು ಕೋಣೆಯ ಹೊಗೆ ಡಿಟೆಕ್ಟರ್ ತಲುಪುವಷ್ಟರಲ್ಲಿ ತೆಳುವಾಗಿರುತ್ತದೆ. ಫ್ಯಾನ್ ನಿಂತಿರುವ ಹೊತ್ತಿನಲ್ಲಂತೂ ಡಕ್ಟ್ ಡಿಟೆಕ್ಟರ್‌ಗೆ ಗಾಳಿಯೇ ಬರುವುದಿಲ್ಲ. ಆದ್ದರಿಂದ ಕೋಣೆಯ ಡಿಟೆಕ್ಟರ್‌ಗಳನ್ನು ದಯವಿಟ್ಟು ತೆಗೆಯಬೇಡಿ.

ಎಷ್ಟು ದೊಡ್ಡ ವ್ಯವಸ್ಥೆಗೆ ಇದು ಬೇಕು ಎಂಬುದಕ್ಕೆ ಹಲವೆಡೆ ಆಧಾರವಾಗಿ ಇಟ್ಟುಕೊಳ್ಳುವುದು ಅಮೆರಿಕದ ಬೆಂಕಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 90ಎ ಮಾನದಂಡ. ಅದರ ಪ್ರಕಾರ ನಿಮಿಷಕ್ಕೆ 2000 ಘನ ಅಡಿಗಿಂತ (ಸೆಕೆಂಡಿಗೆ ಸುಮಾರು 944 ಲೀಟರ್) ಹೆಚ್ಚು ಗಾಳಿ ಕೊಡುವ ಸಪ್ಲೈ ವ್ಯವಸ್ಥೆಗೆ ಡಿಟೆಕ್ಟರ್ ಬೇಕು. ಒಂದಕ್ಕಿಂತ ಹೆಚ್ಚು ಮಹಡಿಗಳ ಗಾಳಿಯನ್ನು ಹಿಂದಕ್ಕೆ ಎಳೆಯುವ ರಿಟರ್ನ್ ವ್ಯವಸ್ಥೆ 15,000 ಘನ ಅಡಿ ಮೀರಿದರೆ ಪ್ರತಿ ಮಹಡಿಗೂ ಒಂದೊಂದು ಬೇಕು. ನಿಮ್ಮ ಕಡೆಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ. ಕೊಳ್ಳುವಾಗ ಸಾಧನ ಯುಎಲ್ 268ಎ ಅಥವಾ ಇಎನ್ 54-27 ಪ್ರಕಾರ ಪರೀಕ್ಷೆಗೆ ಒಳಪಟ್ಟಿದೆಯೇ ಎಂದು ಲೇಬಲ್ ಓದಿ. ಇವೆರಡೂ ಡಕ್ಟ್ ಡಿಟೆಕ್ಟರ್‌ಗೆಂದೇ ಮಾಡಿದ ಮಾನದಂಡಗಳು.

ಪ್ರಶ್ನೆ: ಎಎಚ್‌ಯು ಕೋಣೆ ಇಕ್ಕಟ್ಟು. ಯಂತ್ರದಿಂದ ಹೊರಬಂದ ಕೂಡಲೇ ಡಕ್ಟ್ ತಿರುಗುತ್ತದೆ. ಡಿಟೆಕ್ಟರ್ ಎಲ್ಲಿ ಕೂರಿಸಲಿ?

ಸಪ್ಲೈ ಕಡೆಯಲ್ಲಾದರೆ ಫಿಲ್ಟರ್ ಮತ್ತು ಫ್ಯಾನ್ ಆದ ಮೇಲೆ, ಮೊದಲ ಕವಲು ಒಡೆಯುವ ಮೊದಲು. ಫಿಲ್ಟರ್‌ಗಿಂತ ಹಿಂದೆ ಕೂರಿಸಿದರೆ ಫಿಲ್ಟರೇ ಹೊತ್ತಿಕೊಂಡದ್ದು ಅದಕ್ಕೆ ಕಾಣದು. ಕವಲಾದ ಮೇಲೆ ಕೂರಿಸಿದರೆ ಉಳಿದ ಕವಲುಗಳಿಗೆ ಹೋದ ಹೊಗೆ ತಪ್ಪಿಹೋಗುತ್ತದೆ. ರಿಟರ್ನ್ ಕಡೆಯಲ್ಲಾದರೆ ಆ ಮಹಡಿಯ ಗಾಳಿ ಸಾಮಾನ್ಯ ರಿಟರ್ನ್ ಡಕ್ಟ್ ಸೇರುವ ಮೊದಲು, ಹೊರಗಿನ ತಾಜಾ ಗಾಳಿ ಬೆರೆಯುವ ಮೊದಲು, ಎಕ್ಸಾಸ್ಟ್ ಬೇರೆಯಾಗುವ ಮೊದಲು.

ತಿರುವಿನ ವಿಷಯ ಮುಖ್ಯವಾದದ್ದು. ಮೊಣಕೈ ತಿರುವು ದಾಟಿದ ಗಾಳಿ ಹೊರಮೈಗೆ ಒತ್ತಿಕೊಂಡು ಹೋಗುತ್ತದೆ, ಒಳಮೈ ಹತ್ತಿರ ಸುಳಿಯುತ್ತದೆ, ಕೆಲವೊಮ್ಮೆ ಹಿಂದಕ್ಕೂ ತಿರುಗುತ್ತದೆ. ಡಿಟೆಕ್ಟರ್‌ಗೆ ಡಕ್ಟ್‌ನ ಗಾಳಿ ತರುವ, ಸಾಲು ತೂತುಗಳ ಟ್ಯೂಬನ್ನು ಅಲ್ಲಿ ಇಟ್ಟರೆ ಅದರ ಅರ್ಧ ತೂತುಗಳಿಗೆ ಗಾಳಿ ಎದುರಿನಿಂದ ಬರುವುದೇ ಇಲ್ಲ. ಅದಕ್ಕೇ ತಿರುವು, ಕವಲು, ಡ್ಯಾಂಪರ್‌ಗಳಿಂದ ಡಕ್ಟ್ ಅಗಲದ 6ರಿಂದ 10 ಪಟ್ಟು ದೂರ ಇರಲಿ ಎನ್ನುವುದು. 600 ಮಿ.ಮೀ. ಅಗಲದ ಡಕ್ಟ್‌ಗೆ ಇದು 3.6ರಿಂದ 6 ಮೀಟರ್ ಆಗುತ್ತದೆ.

ನಿಮ್ಮಲ್ಲಿ ಅಷ್ಟು ನೇರ ಉದ್ದ ಸಿಗಲಿಕ್ಕಿಲ್ಲ. ಆಗ ಇರುವುದರಲ್ಲೇ ಉದ್ದವಾದ ನೇರ ಭಾಗ ಹುಡುಕಿ, ತಿರುವಿನಿಂದ ಆದಷ್ಟು ಮುಂದಕ್ಕೆ ಹೋಗಿ. ಟ್ಯೂಬ್ ಅನ್ನು ತಿರುವಿನ ಒಳಮೈಯಿಂದ ಹೊರಮೈಗೆ ಅಡ್ಡಲಾಗಿ ಹಾಯಿಸಿ, ಆಗ ಜೋರಾದ ಗಾಳಿ, ಮಂದ ಗಾಳಿ ಎರಡೂ ಅದಕ್ಕೆ ಸಿಗುತ್ತವೆ. ಇಂಥ ಜಾಗದಲ್ಲಿ ಒತ್ತಡ ಅಳೆದು ನೋಡದೆ ಕೆಲಸ ಮುಗಿಯಿತು ಎನ್ನಬಾರದು. ಅಳೆಯುವ ವಿಧಾನವನ್ನು ಮುಂದೆ ಹೇಳಿದ್ದೇವೆ.

ಕೂಲಿಂಗ್ ಕಾಯಿಲ್ ಅಥವಾ ಹ್ಯೂಮಿಡಿಫೈಯರ್‌ಗೆ ತಾಗಿದ ಜಾಗವನ್ನೂ ಬಿಡಿ. ಇನ್ನು, ಡಿಟೆಕ್ಟರ್ ಬಳಿ ಕೈ ಮತ್ತು ಏಣಿ ತಲುಪಬೇಕು. ಪೈಪು, ಕೇಬಲ್ ಟ್ರೇಗಳ ಹಿಂದೆ ಸಿಕ್ಕಿಸಿದ ಡಿಟೆಕ್ಟರ್ ಅನ್ನು ಆಮೇಲೆ ಯಾರೂ ಮುಚ್ಚಳ ತೆಗೆದು ನೋಡುವುದಿಲ್ಲ.

ಪ್ರಶ್ನೆ: ಸ್ಯಾಂಪ್ಲಿಂಗ್ ಟ್ಯೂಬ್ ಹಾಕುವ ಕ್ರಮ ಹೇಳಿ. ಉದ್ದ ಎಷ್ಟಿರಬೇಕು, ತೂತು ಯಾವ ಕಡೆಗೆ?

ಮೊದಲು ಸಾಧನದ ರಚನೆ ಮನಸ್ಸಿನಲ್ಲಿರಲಿ. ಡಕ್ಟ್‌ನ ಹೊರಮೈಗೆ ಒಂದು ಪೆಟ್ಟಿಗೆ, ಅದರೊಳಗೆ ಡಿಟೆಕ್ಟರ್ ಹೆಡ್. ಹೊಗೆಯನ್ನು ಗುರುತಿಸುವ ಚೇಂಬರ್ ಇರುವುದು ಈ ಹೆಡ್‌ನಲ್ಲಿ. ಪೆಟ್ಟಿಗೆಯಿಂದ ಎರಡು ಟ್ಯೂಬ್ ಡಕ್ಟ್‌ನೊಳಗೆ ಹೋಗುತ್ತವೆ. ಉದ್ದದ್ದಕ್ಕೆ ಕೊಳಲಿನ ಹಾಗೆ ಸಾಲಾಗಿ ತೂತುಗಳು, ಅದು ಗಾಳಿ ಒಳತರುತ್ತದೆ. ಗಿಡ್ಡದ್ದು ಆ ಗಾಳಿಯನ್ನು ಡಕ್ಟ್‌ಗೆ ವಾಪಸ್ ಬಿಡುತ್ತದೆ. ಇದರಲ್ಲಿ ಪಂಪ್ ಇಲ್ಲ. ಎದುರು ಬರುವ ಗಾಳಿ ಉದ್ದದ ಟ್ಯೂಬ್‌ನಲ್ಲಿ ಸ್ವಲ್ಪ ಹೆಚ್ಚು ಒತ್ತಡ ಹುಟ್ಟಿಸುತ್ತದೆ, ಗಿಡ್ಡದರ ಬಾಯಲ್ಲಿ ಸ್ವಲ್ಪ ಕಡಿಮೆ ಒತ್ತಡ ಇರುತ್ತದೆ. ಇಡೀ ಸಾಧನ ನಡೆಯುವುದು ಈ ಚಿಕ್ಕ ವ್ಯತ್ಯಾಸದ ಮೇಲೆ. ಆದ್ದರಿಂದ ಒಳತರುವ ಟ್ಯೂಬ್‌ನ ತೂತುಗಳು ಗಾಳಿ ಬರುವ ದಿಕ್ಕಿಗೆ ನೇರ ಮುಖ ಮಾಡಿರಬೇಕು, ಗಿಡ್ಡದರ ಓರೆಯಾಗಿ ಕತ್ತರಿಸಿದ ಬಾಯಿ ಗಾಳಿಗೆ ಬೆನ್ನು ಮಾಡಿರಬೇಕು. ಟ್ಯೂಬ್ ಉಲ್ಟಾ ಕೂತರೂ ದೀಪ ಹಸಿರಾಗಿಯೇ ಇರುತ್ತದೆ, ಫೈರ್ ಅಲಾರ್ಮ್ ಪ್ಯಾನೆಲ್ ಕೂಡ ಏನೂ ಹೇಳುವುದಿಲ್ಲ.

ಕೆಲಸ ಶುರುಮಾಡುವಾಗ ಡಕ್ಟ್ ಮೇಲೆ ಗಾಳಿಯ ದಿಕ್ಕಿಗೆ ಮಾರ್ಕರ್‌ನಿಂದ ಬಾಣ ಬರೆಯಿರಿ. ಡ್ರಾಯಿಂಗ್ ನೋಡಿ ಬರೆಯಬೇಡಿ, ಫ್ಯಾನ್ ಓಡಿಸಿ ಖಚಿತಪಡಿಸಿಕೊಂಡು ಬರೆಯಿರಿ. ಇನ್ಸುಲೇಶನ್ ಇದ್ದರೆ ಪೆಟ್ಟಿಗೆಯ ಅಳತೆಗೆ ಕತ್ತರಿಸಿ ತೆಗೆದು, ಪೆಟ್ಟಿಗೆಯನ್ನು ತಗಡಿಗೇ ಕೂರಿಸಿ. ಜೊತೆಗೆ ಬಂದ ಕಾಗದದ ಟೆಂಪ್ಲೇಟ್ ಅಂಟಿಸಿ ತೂತು ಕೊರೆಯಿರಿ, ಅಂಚಿನ ಚೂರುಗಳನ್ನು ಅರದಿಂದ ಉಜ್ಜಿ ತೆಗೆಯಿರಿ. ಕೊರೆದ ಲೋಹದ ಪುಡಿ ಡಕ್ಟ್‌ನೊಳಗೆ ಉಳಿಯಬಾರದು.

ಟ್ಯೂಬ್ ಡಕ್ಟ್‌ನ ಅಗಲದ ಮೂರರಲ್ಲಿ ಎರಡು ಪಾಲಾದರೂ ದಾಟಬೇಕು, ಪೂರ್ತಿ ದಾಟಿದರೆ ಇನ್ನೂ ಒಳ್ಳೆಯದು. 900 ಮಿ.ಮೀ.ಗಿಂತ ಉದ್ದದ ಟ್ಯೂಬ್‌ಗೆ ಎದುರು ಗೋಡೆಯಲ್ಲಿ ಆಸರೆ ಬೇಕು. ಇಲ್ಲದಿದ್ದರೆ ಗಾಳಿಗೆ ಅದುರುತ್ತಾ ಪೆಟ್ಟಿಗೆಯ ಸೀಲನ್ನೇ ಸಡಿಲಿಸುತ್ತದೆ. ಎದುರು ಗೋಡೆಯಲ್ಲಿ ತೂತು ಕೊರೆದು ಟ್ಯೂಬ್‌ನ ತುದಿಯನ್ನು 25ರಿಂದ 50 ಮಿ.ಮೀ. ಹೊರಕ್ಕೆ ಬಿಟ್ಟು ಸುತ್ತಲೂ ಸೀಲ್ ಮಾಡುವುದು ರೂಢಿ. ಗಾಳಿ ಒಳತೆಗೆಯುವ ಯಾವ ತೂತೂ ಡಕ್ಟ್‌ನಿಂದ ಹೊರಗೆ ಉಳಿಯಬಾರದು. ಎದುರು ತುದಿಯನ್ನು ಸುಮಾರು ಮೀಟರಿಗೆ 20 ಮಿ.ಮೀ.ನಂತೆ ತಗ್ಗಿಸಿದರೆ ಟ್ಯೂಬ್‌ನಲ್ಲಿ ಸೇರಿದ ನೀರಹನಿ ಪೆಟ್ಟಿಗೆಯ ಕಡೆ ಬರುವುದಿಲ್ಲ.

ಮರೆತುಹೋಗುವ ಭಾಗ ಎಂಡ್ ಪ್ಲಗ್, ಅಂದರೆ ಟ್ಯೂಬ್ ತುದಿಯ ಬಿರಡೆ. ಬೆರಳುಗಾತ್ರದ ಈ ರಬ್ಬರ್ ಇಲ್ಲದಿದ್ದರೆ ಒಳಬಂದ ಗಾಳಿ ತೆರೆದ ತುದಿಯಿಂದ ಆಚೆ ಹೋಗುತ್ತದೆ, ಡಿಟೆಕ್ಟರ್‌ಗೆ ಹೋಗುವ ಒತ್ತಡ ಕುಸಿಯುತ್ತದೆ. ಟ್ಯೂಬ್ ಡಕ್ಟ್‌ನೊಳಗೇ ಮುಗಿದರೂ, ಹೊರಕ್ಕೆ ಬಂದರೂ ಬಿರಡೆ ಬೇಕೇ ಬೇಕು. ಗಿಡ್ಡ ಟ್ಯೂಬ್ ಒಳಗಿನ ಇನ್ಸುಲೇಶನ್ ದಾಟಿ ಕನಿಷ್ಠ 50 ಮಿ.ಮೀ. ಗಾಳಿಯೊಳಗೆ ಚಾಚಿರಲಿ.

ಕಟ್ಟಡದ ಕೆಲಸ ಇನ್ನೂ ನಡೆಯುತ್ತಿದ್ದರೆ ಪೆಟ್ಟಿಗೆ, ಟ್ಯೂಬ್ ಮಾತ್ರ ಕೂರಿಸಿ. ಡಕ್ಟ್ ಸ್ವಚ್ಛವಾದ ಮೇಲೆ ಹೆಡ್ ಹಾಕಿ. ಸಿಮೆಂಟ್, ಜಿಪ್ಸಮ್ ಪುಡಿ ಒಮ್ಮೆ ಚೇಂಬರ್ ಒಳಹೊಕ್ಕರೆ ಆ ಹೆಡ್ ಮೇಲೆ ಆಮೇಲೆ ಭರವಸೆ ಇಡುವುದು ಕಷ್ಟ.

ಪ್ರಶ್ನೆ: ಗಾಳಿ ನಿಜವಾಗಿ ಡಿಟೆಕ್ಟರ್ ಮೂಲಕ ಹೋಗುತ್ತಿದೆ ಎಂದು ತಿಳಿಯುವುದು ಹೇಗೆ? ನಮ್ಮ ಫ್ಯಾನ್‌ಗೆ ವಿಎಫ್‌ಡಿ (ಮೋಟರ್ ವೇಗ ಏರಿಳಿಸುವ ಸಾಧನ) ಇದೆ, ರಾತ್ರಿ ವೇಗ ಕಡಿಮೆಯಾಗುತ್ತದೆ.

ಇದಕ್ಕೆ ಬೇಕಾದದ್ದು ಒಂದು ಪಾಸ್ಕಲ್‌ಗಿಂತ ಚಿಕ್ಕ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ಮ್ಯಾನೋಮೀಟರ್. ಪೆಟ್ಟಿಗೆಯ ಮುಚ್ಚಳ ತೆಗೆದರೆ ಎರಡು ಟ್ಯೂಬ್‌ಗಳ ಬಾಯಿ ಕಾಣುತ್ತದೆ. ನಡುವೆ ತೂತಿರುವ ರಬ್ಬರ್ ಬಿರಡೆಗಳನ್ನು ಎರಡಕ್ಕೂ ಬಿಗಿಯಾಗಿ ಒತ್ತಿ, ಒಳತರುವ ಟ್ಯೂಬನ್ನು ಮೀಟರ್‌ನ ಪ್ಲಸ್‌ಗೆ, ವಾಪಸಿನದನ್ನು ಮೈನಸ್‌ಗೆ ಜೋಡಿಸಿ, ಫ್ಯಾನ್ ಓಡುತ್ತಿರುವಾಗ ಓದಿ. ಇರಬೇಕಾದ ಮಿತಿ ಪ್ರತಿ ಮಾದರಿಯ ಕೈಪಿಡಿಯಲ್ಲಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಬಗೆಗೆ ಇದು 0.01ರಿಂದ 1.11 ಇಂಚು ನೀರು, ಅಂದರೆ ಸುಮಾರು 2.5ರಿಂದ 276 ಪಾಸ್ಕಲ್. ಸೊನ್ನೆ ಬಂದರೆ ಬಿರಡೆ ಇಲ್ಲ, ಟ್ಯೂಬ್ ಕಟ್ಟಿದೆ ಅಥವಾ ಜಾಗ ತಪ್ಪಿದೆ. ಮೈನಸ್ ಬಂದರೆ ಟ್ಯೂಬ್ ತಿರುಗಿ ಕೂತಿದೆ ಅಥವಾ ಎರಡೂ ಅದಲುಬದಲಾಗಿವೆ.

ವಿಎಫ್‌ಡಿ ಇದ್ದಲ್ಲಿ ಎಚ್ಚರ ಬೇಕು. ಈ ಒತ್ತಡ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಪೂರ್ಣ ವೇಗದಲ್ಲಿ 16 ಪಾಸ್ಕಲ್ ಇದ್ದದ್ದು ಅರ್ಧ ವೇಗಕ್ಕೆ 4 ಆಗುತ್ತದೆ, ಮೂರನೇ ಒಂದಕ್ಕೆ ಇಳಿದರೆ 2ಕ್ಕಿಂತ ಕಡಿಮೆ. ಹಗಲು ಅಳೆದು ಸರಿ ಎಂದು ಬರೆದಿಟ್ಟ ಡಿಟೆಕ್ಟರ್ ರಾತ್ರಿ ಕೆಲಸ ಮಾಡದೇ ಇರಬಹುದು. ಆದ್ದರಿಂದ ಫ್ಯಾನ್ ಇಳಿಯುವ ಅತಿ ಕಡಿಮೆ ವೇಗದಲ್ಲೂ ಒಮ್ಮೆ ಅಳೆಯಿರಿ. ಮಿತಿಗಿಂತ ಕೆಳಗಿದ್ದರೆ ಕಡಿಮೆ ವೇಗಕ್ಕೆ ಒಪ್ಪುವ ಮಾದರಿ ಹಾಕಿ, ಅಥವಾ ವಿಎಫ್‌ಡಿಯ ಕನಿಷ್ಠ ವೇಗ ಏರಿಸಿ. ಕೆಲವು ಮಾದರಿಗಳು ಸೆಕೆಂಡಿಗೆ 0.5 ಮೀಟರ್‌ನಿಂದ ಸುಮಾರು 20 ಮೀಟರ್ ತನಕ ನಡೆಯುತ್ತವೆ, ಹಳೆಯ ಹಲವಕ್ಕೆ 1.5 ಮೀಟರ್ ಬೇಕು.

ಪ್ರಶ್ನೆ: ಟೆಸ್ಟ್ ಮಾಡಿದರೆ ಪ್ಯಾನೆಲ್‌ನಲ್ಲಿ ಅಲಾರ್ಮ್ ಬರುತ್ತದೆ, ಆದರೆ ಫ್ಯಾನ್ ಓಡುತ್ತಲೇ ಇರುತ್ತದೆ. ಎಲ್ಲಿ ತಪ್ಪಿದೆ?

ಮೊದಲು ಫ್ಯಾನ್‌ನ ಸ್ಟಾರ್ಟರ್ ಪ್ಯಾನೆಲ್‌ನಲ್ಲಿ ಆಟೋ–ಆಫ್–ಹ್ಯಾಂಡ್ ಸ್ವಿಚ್ ನೋಡಿ. ಆಟೋದಲ್ಲಿ ಫ್ಯಾನ್ ತಾನಾಗಿ ನಡೆಯುತ್ತದೆ, ಹ್ಯಾಂಡ್‌ನಲ್ಲಿ ಕೈಯಿಂದ ಓಡಿಸಿದ ಹಾಗೆ. ಡಿಟೆಕ್ಟರ್‌ನ ಕಾಂಟ್ಯಾಕ್ಟನ್ನು ಆಟೋ ದಾರಿಯಲ್ಲಿ ಮಾತ್ರ ಸೇರಿಸಿರುವುದು ತುಂಬ ಕಡೆ ಕಾಣುವ ದೋಷ. ರಿಪೇರಿಗೆ ಬಂದವರು ಸ್ವಿಚ್ಚನ್ನು ಹ್ಯಾಂಡ್‌ಗೆ ತಿರುಗಿಸಿ ಹೋದರೆ ಅಂದಿನಿಂದ ಡಿಟೆಕ್ಟರ್‌ಗೂ ಫ್ಯಾನ್‌ಗೂ ಸಂಬಂಧವೇ ಇರುವುದಿಲ್ಲ. ಸರಿಯಾದ ಜಾಗ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್) ಕಾಯಿಲ್‌ಗೆ ಸರಣಿಯಲ್ಲಿ, ಆಟೋ ಮತ್ತು ಹ್ಯಾಂಡ್ ಎರಡೂ ದಾರಿಗಳು ಹಾಯುವ ತಂತಿಯ ಮೇಲೆ. ಅಲಾರ್ಮ್ ಇಲ್ಲದಾಗ ಮುಚ್ಚಿಕೊಂಡಿದ್ದು, ಅಲಾರ್ಮ್ ಬಂದಾಗ ತೆರೆಯುವ ಎನ್‌ಸಿ ಕಾಂಟ್ಯಾಕ್ಟ್ ಬಳಸಿ. ಡಿಟೆಕ್ಟರ್ ರಿಲೇಯಲ್ಲಿ ಕಂಟ್ರೋಲ್ ಕರೆಂಟ್ ಮಾತ್ರ ಹರಿಯಲಿ, ಮೋಟರ್ ಕರೆಂಟ್ ಎಂದಿಗೂ ಬೇಡ.

ವಿಎಫ್‌ಡಿ ಇದ್ದರೆ ಕಾಂಟ್ಯಾಕ್ಟನ್ನು ಅದರ ರನ್ ಎನೇಬಲ್ ಅಥವಾ ಸೇಫ್ಟಿ ಇಂಟರ್‌ಲಾಕ್ ಟರ್ಮಿನಲ್‌ಗೆ ಕೊಡಿ. ವಿಎಫ್‌ಡಿಯನ್ನು ಬಿಟ್ಟು ಫ್ಯಾನ್ ಓಡಿಸುವ ಬೈಪಾಸ್ ಕಾಂಟ್ಯಾಕ್ಟರ್ ಇದ್ದರೆ ಅದರ ಕಾಯಿಲ್‌ಗೂ ಇದೇ ತಡೆ ಇರಬೇಕು. ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ಕಂಪ್ಯೂಟರ್‌ನಿಂದ ನಡೆಸುವ ವ್ಯವಸ್ಥೆ) ಸಾಫ್ಟ್‌ವೇರ್ ಮೂಲಕ ಮಾತ್ರ ಫ್ಯಾನ್ ನಿಲ್ಲಿಸುವ ಏರ್ಪಾಡನ್ನು ನಾವು ಒಪ್ಪುವುದಿಲ್ಲ. ಕಂಟ್ರೋಲರ್ ಕೆಟ್ಟ ದಿನ ಅಥವಾ ಪ್ರೋಗ್ರಾಂ ಬದಲಿಸಿದ ದಿನ ಆ ಕೊಂಡಿ ತಪ್ಪಿಹೋಗಬಹುದು. ತಂತಿಯ ದಾರಿ ಇರಲಿ, ಬಿಎಂಎಸ್‌ಗೆ ಸುದ್ದಿ ಹೋಗಲಿ.

ಡ್ಯಾಂಪರ್ ಇದ್ದಲ್ಲಿ ಅಲಾರ್ಮ್‌ನ ಕೂಡಲೇ ಮೊದಲು ಫ್ಯಾನ್ ಕಡಿತವಾಗಬೇಕು. ಜೋರಾಗಿ ಓಡುವ ಫ್ಯಾನ್ ಎದುರು ಡ್ಯಾಂಪರ್ ಮುಚ್ಚಿದರೆ ಡಕ್ಟ್ ಉಬ್ಬಿ ಜೋಡಣೆ ಬಿಟ್ಟುಕೊಳ್ಳುತ್ತದೆ, ರಿಟರ್ನ್ ಕಡೆಯದಾದರೆ ಒಳಕ್ಕೆ ಕುಸಿಯುತ್ತದೆ. ಮತ್ತೆ ಶುರುಮಾಡುವಾಗ ಡ್ಯಾಂಪರ್ ಪೂರ್ತಿ ತೆರೆದಿದೆ ಎಂದು ಅದರ ಎಂಡ್ ಸ್ವಿಚ್ ಹೇಳಿದ ಮೇಲಷ್ಟೇ ಫ್ಯಾನ್ ಓಡಲಿ. ಅಲಾರ್ಮ್ ತನ್ನಷ್ಟಕ್ಕೆ ಅಳಿದು ಫ್ಯಾನ್ ಮತ್ತೆ ಓಡುವಂತಿರಬಾರದು. ಒಬ್ಬರು ಬಂದು ನೋಡಿ ರಿಸೆಟ್ ಮಾಡಬೇಕು.

ಒಂದು ಎಚ್ಚರಿಕೆ: ಹೊಗೆ ಹೊರಹಾಕಲಿಕ್ಕೆಂದೇ ಇರುವ ಫ್ಯಾನ್‌ಗಳಿಗೆ ಈ ತಡೆಯನ್ನು ಕುರುಡಾಗಿ ಹಾಕಬೇಡಿ. ಬೆಂಕಿಯ ಹೊತ್ತಿನಲ್ಲಿ ಅವು ಓಡಬೇಕಾದವು.

ಪ್ರಶ್ನೆ: ಸಾಮಾನ್ಯ ಸೀಲಿಂಗ್ ಡಿಟೆಕ್ಟರ್ ಅನ್ನೇ ಡಕ್ಟ್‌ನೊಳಗೆ ಸ್ಕ್ರೂ ಮಾಡಿದರೆ ಆಗದೇ?

ಆಗದು. ಅದನ್ನು ಪರೀಕ್ಷಿಸಿರುವುದು ಕೋಣೆಯ ನಿಧಾನ ಗಾಳಿಗೆ. ಡಕ್ಟ್‌ನ ವೇಗದಲ್ಲಿ ಹೊಗೆ ಚೇಂಬರ್ ಹೊಗದೆ ಪಕ್ಕದಿಂದ ಹಾದುಹೋಗಬಹುದು, ಇಲ್ಲವೇ ದೂಳು ನುಗ್ಗಿ ಸುಮ್ಮಸುಮ್ಮನೆ ಕೂಗಬಹುದು. ಡಕ್ಟ್‌ನೊಳಗೇ ಕೂರುವ ಮಾದರಿಗಳೂ ಇವೆ, ಆದರೆ ಅವುಗಳ ಲೇಬಲ್‌ನಲ್ಲಿ ಡಕ್ಟ್ ಬಳಕೆ ಮತ್ತು ಗಾಳಿವೇಗದ ಮಿತಿ ನಮೂದಾಗಿರುತ್ತದೆ.

ಪ್ರಶ್ನೆ: ಬೆಳಿಗ್ಗೆ ಎಎಚ್‌ಯು ಹಾಕಿದ ಕೂಡಲೇ ಪದೇ ಪದೇ ಸುಳ್ಳು ಅಲಾರ್ಮ್. ಬೇಸತ್ತು ಆ ಡಿಟೆಕ್ಟರ್ ಅನ್ನು ಪ್ಯಾನೆಲ್‌ನಲ್ಲಿ ಡಿಸೇಬಲ್ ಮಾಡಿದ್ದಾರೆ.

ಮೊದಲು ಅದನ್ನು ಮತ್ತೆ ಎನೇಬಲ್ ಮಾಡಿಸಿ, ಆಮೇಲೆ ಕಾರಣ ಹುಡುಕಿ. ಅಲಾರ್ಮ್ ಬರುವ ಹೊತ್ತೇ ಅರ್ಧ ಕಾರಣ ಹೇಳುತ್ತದೆ. ಶುರುವಾದ ಕೂಡಲೇ ಬಂದರೆ ಎರಡು ಅನುಮಾನ. ಮೊದಲನೆಯದು ತೇವ: ರಾತ್ರಿ ಫ್ಯಾನ್ ನಿಂತಾಗ ಸುತ್ತಲಿನ ತೇವದ ಗಾಳಿ ಸಡಿಲ ಗ್ಯಾಸ್ಕೆಟ್ ಮೂಲಕ ತಣ್ಣಗಿರುವ ಪೆಟ್ಟಿಗೆಗೆ ಹೊಕ್ಕು ಹನಿಗಟ್ಟುತ್ತದೆ, ಫೋಟೋಎಲೆಕ್ಟ್ರಿಕ್ ಚೇಂಬರ್‌ಗೆ ಆ ಮಂಜು ಹೊಗೆಯ ಹಾಗೆಯೇ ಬೆಳಕು ಚದುರಿಸುತ್ತದೆ. ಎರಡನೆಯದು ದೂಳು: ನಿಂತಾಗ ಡಕ್ಟ್ ತಳದಲ್ಲಿ ಕೂತದ್ದು ಮೊದಲ ಬೀಸಿಗೆ ಏಳುತ್ತದೆ. ಹೀಟರ್ ಇರುವ ಯಂತ್ರವಾದರೆ ಅದರ ಕಾಯಿಲ್ ಮೇಲಿನ ದೂಳು ಸುಟ್ಟು ನಿಜವಾದ ಹೊಗೆಯೇ ಏಳುತ್ತದೆ.

ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ. ಪೆಟ್ಟಿಗೆಯ ತಳದಲ್ಲಿ ನೀರಿನ ಕಲೆ ಇದ್ದರೆ ತೇವ. ಬೂದುಬಣ್ಣದ ನವಿರು ಪದರ ಇದ್ದರೆ ಫಿಲ್ಟರ್ ಹರಿದಿದೆ ಅಥವಾ ಚೌಕಟ್ಟಿನ ಸಂದಿಯಿಂದ ಗಾಳಿ ನುಸುಳುತ್ತಿದೆ. ಸಣ್ಣ ಹುಳುವೊಂದು ಚೇಂಬರ್ ಹೊಕ್ಕರೂ ಅಲಾರ್ಮ್ ಬರಲು ಸಾಕು. ತೇವವಾದರೆ ಗ್ಯಾಸ್ಕೆಟ್ ಬದಲಿಸಿ, ಟ್ಯೂಬ್ ಇಳಿಜಾರು ಸರಿಪಡಿಸಿ, ಟ್ಯೂಬ್ ಮತ್ತು ಕೇಬಲ್ ಒಳಬರುವ ಸಂದಿಗಳನ್ನು ಮುಚ್ಚಿ. ಕೂಲಿಂಗ್ ಕಾಯಿಲ್‌ನ ಮುಖದಲ್ಲಿ ಗಾಳಿಯ ವೇಗ ಸೆಕೆಂಡಿಗೆ 2.5 ಮೀಟರ್ ದಾಟಿದರೆ ಹನಿಗಳು ಗಾಳಿಯ ಜೊತೆ ಹಾರಿಬರುತ್ತವೆ, ಅದನ್ನೂ ಪರಿಶೀಲಿಸಿ. ದಿನದ ಒಂದು ನಿಗದಿತ ಹೊತ್ತಿನಲ್ಲೇ ಬರುವ ಅಲಾರ್ಮ್‌ಗೆ ತಾಜಾ ಗಾಳಿಯ ಕಿಂಡಿಯ ಹತ್ತಿರ ಜನರೇಟರ್ ಹೊಗೆ ಕೊಳವೆಯೋ ವಾಹನ ನಿಲ್ಲುವ ಜಾಗವೋ ಇದೆಯೇ ನೋಡಿ.

ಟ್ಯೂಬ್ ಬಾಯಿಗೆ ಹತ್ತಿ ಅಥವಾ ಬಟ್ಟೆ ತುರುಕುವುದನ್ನು ಮಾತ್ರ ಮಾಡಬೇಡಿ. ಅಲಾರ್ಮ್ ನಿಲ್ಲುತ್ತದೆ ನಿಜ, ಹೊಗೆಯೂ ಒಳಬರದೆ ನಿಲ್ಲುತ್ತದೆ. ತಯಾರಕರೇ ಕೊಡುವ ಟ್ಯೂಬ್ ಫಿಲ್ಟರ್ ಇದ್ದರೆ ಬಳಸಬಹುದು, ಆದರೆ ಅದು ಕಟ್ಟಿಕೊಳ್ಳುವುದರಿಂದ ಪದೇ ಪದೇ ಬದಲಿಸುತ್ತಿರಬೇಕು.

ಪ್ರಶ್ನೆ: ವರ್ಷಕ್ಕೊಮ್ಮೆ ನಿರ್ವಹಣೆಯವರು ಬಂದು ಆಯಸ್ಕಾಂತ ತಾಗಿಸಿ ಅಲಾರ್ಮ್ ಬಂತು ಎಂದು ಬರೆದು ಹೋಗುತ್ತಾರೆ. ಇಷ್ಟು ಸಾಕೇ?

ಸಾಲದು. ಆಯಸ್ಕಾಂತ ಸರ್ಕ್ಯೂಟ್ ಮತ್ತು ರಿಲೇಯನ್ನು ಪರೀಕ್ಷಿಸುತ್ತದೆ. ಹೊಗೆ ಚೇಂಬರ್ ಹೊಗುತ್ತದೆಯೇ ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಎನ್‌ಎಫ್‌ಪಿಎ 72ರ ವೇಳಾಪಟ್ಟಿಯಲ್ಲಿ ಕಣ್ಣಿಂದ ನೋಡಿ ಮಾಡುವ ತಪಾಸಣೆ 6 ತಿಂಗಳಿಗೊಮ್ಮೆ, ಕಾರ್ಯಪರೀಕ್ಷೆ ವರ್ಷಕ್ಕೊಮ್ಮೆ. ಸೂಕ್ಷ್ಮತೆಯ ಪರೀಕ್ಷೆ ಅಳವಡಿಸಿದ ಮೊದಲ ವರ್ಷದೊಳಗೆ, ಬಳಿಕ ವರ್ಷ ಬಿಟ್ಟು ವರ್ಷ. ಅದು ಮಿತಿಯೊಳಗೇ ಉಳಿದರೆ ಮುಂದೆ 5 ವರ್ಷದ ತನಕ ಹಿಗ್ಗಿಸಬಹುದು. ದೂಳು ಹೆಚ್ಚಿರುವ ಕಟ್ಟಡದಲ್ಲಿ ಮೂರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಕೆಲಸದ ಕ್ರಮ ಹೀಗಿರಲಿ. ಕಂಟ್ರೋಲ್ ರೂಮ್‌ಗೆ ತಿಳಿಸಿ, ಪ್ಯಾನೆಲನ್ನು ಟೆಸ್ಟ್‌ಗೆ ಹಾಕಿ. ಅಡ್ರೆಸೆಬಲ್ ಪ್ಯಾನೆಲ್ (ಪ್ರತಿ ಡಿಟೆಕ್ಟರ್ ಅನ್ನೂ ಬೇರೆ ಬೇರೆಯಾಗಿ ಗುರುತಿಸುವಂಥದು) ಆದರೆ ಸ್ವಚ್ಛಗೊಳಿಸುವ ಮೊದಲು ಆ ಹೆಡ್‌ನ ದೂಳಿನ ಮಟ್ಟ ಎಷ್ಟಿದೆ ಎಂದು ಬರೆದುಕೊಳ್ಳಿ. ಒಳತರುವ ಟ್ಯೂಬ್‌ನ ಒತ್ತಡವನ್ನೂ ಈಗಲೇ ಒಮ್ಮೆ ಅಳೆಯಿರಿ, ಶುಚಿಯಾದ ಮೇಲೆ ಹೋಲಿಸಲು ಬೇಕಾಗುತ್ತದೆ. ಬಳಿಕ ಫ್ಯಾನ್ ನಿಲ್ಲಿಸಿ, ಹೆಡ್ ತೆಗೆದು ಮೃದು ಬ್ರಷ್ ಇರುವ ವ್ಯಾಕ್ಯೂಮ್‌ನಿಂದ ದೂಳು ಎಳೆಯಿರಿ, ಚೇಂಬರ್‌ನ ಜಾಲರಿ ಹಾಳಾಗಿದ್ದರೆ ಬದಲಿಸಿ. ಹೆಡ್ ಹೊರಗಿರುವಾಗಲೇ ಕಂಪ್ರೆಸ್ಡ್ ಗಾಳಿಯಿಂದ ಟ್ಯೂಬ್‌ಗಳನ್ನು ಪೆಟ್ಟಿಗೆ ಕಡೆಯಿಂದ ಡಕ್ಟ್ ಕಡೆಗೆ ಊದಿ. ಹೆಡ್ ಒಳಗಿಟ್ಟು ಊದಿದರೆ ಕಸವೆಲ್ಲ ಚೇಂಬರ್‌ಗೇ ಹೋಗುತ್ತದೆ. ಬಿರಡೆ, ಗ್ಯಾಸ್ಕೆಟ್, ಟ್ಯೂಬ್ ತೂತಿನ ದಿಕ್ಕು ನೋಡಿ, ಎಲ್ಲ ಜೋಡಿಸಿ, ಫ್ಯಾನ್ ಓಡಿಸಿ ಮತ್ತೆ ಒತ್ತಡ ಅಳೆಯಿರಿ.

ಆಮೇಲೆ ಹೊಗೆ. ಡಿಟೆಕ್ಟರ್ ಪರೀಕ್ಷೆಗೆಂದೇ ಮಾರುವ ಏರೋಸಾಲ್ ಡಬ್ಬಿ ಬಳಸಿ, ಕಾಗದ ಸುಟ್ಟ ಹೊಗೆ ಚೇಂಬರ್‌ನಲ್ಲಿ ಮಸಿ ಬಿಡುತ್ತದೆ. ಪೆಟ್ಟಿಗೆಯ ಪರೀಕ್ಷಾ ತೂತಿಗೆ ಬಿಟ್ಟರೆ ಹೆಡ್ ಪರೀಕ್ಷೆಯಾಯಿತು. ಟ್ಯೂಬ್‌ಗಿಂತ ಹಿಂದೆ ಡಕ್ಟ್‌ನ ಆಕ್ಸೆಸ್ ಬಾಗಿಲಿನಿಂದಲೂ ಬಿಟ್ಟರೆ ಇಡೀ ದಾರಿಯ ಪರೀಕ್ಷೆಯಾಗುತ್ತದೆ. ಅಲಾರ್ಮ್ ಬಂದಾಗ ಒಬ್ಬರು ಫ್ಯಾನ್ ಮುಂದೆ, ಇನ್ನೊಬ್ಬರು ಡ್ಯಾಂಪರ್ ಮುಂದೆ ನಿಂತು ಕಣ್ಣಾರೆ ನೋಡಬೇಕು. ಡ್ಯಾಂಪರ್ ಮೋಟರ್ ತಿರುಗಿ ರೆಕ್ಕೆ ತಿರುಗದೆ ಉಳಿಯುವುದುಂಟು. ಕೊನೆಗೆ ಡಿಸೇಬಲ್ ಮಾಡಿದ್ದನ್ನೆಲ್ಲ ವಾಪಸ್ ಹಾಕಿ, ಒತ್ತಡದ ಎರಡೂ ಅಳತೆಗಳನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆಯಿರಿ. ವರ್ಷದಿಂದ ವರ್ಷಕ್ಕೆ ಒತ್ತಡ ಇಳಿಯುತ್ತಿದ್ದರೆ ಟ್ಯೂಬ್ ನಿಧಾನವಾಗಿ ಕಟ್ಟಿಕೊಳ್ಳುತ್ತಿದೆ, ಇಲ್ಲವೇ ಫ್ಯಾನ್ ಗಾಳಿಯೇ ಕಡಿಮೆಯಾಗಿದೆ.

ಪ್ರಶ್ನೆ: ನಮ್ಮ ಡಿಟೆಕ್ಟರ್‌ಗಳು ಫಾಲ್ಸ್ ಸೀಲಿಂಗ್ ಮೇಲಿವೆ. ಅಲಾರ್ಮ್ ಬಂದರೆ ಯಾವುದು ಎಂದು ಹುಡುಕುವುದೇ ಕೆಲಸವಾಗಿದೆ.

ನೆಲದಿಂದ 3 ಮೀಟರ್‌ಗಿಂತ ಎತ್ತರ ಇರುವ ಅಥವಾ ದೀಪ ಕಣ್ಣಿಗೆ ಬೀಳದ ಡಿಟೆಕ್ಟರ್‌ಗೆ ರಿಮೋಟ್ ಇಂಡಿಕೇಟರ್ ಹಾಕಿ. ಕೀ ಸ್ವಿಚ್ ಇರುವ ರಿಮೋಟ್ ಟೆಸ್ಟ್ ಸ್ಟೇಷನ್ ಆದರೆ ಏಣಿ ಹತ್ತದೆ ರಿಸೆಟ್ ಕೂಡ ಮಾಡಬಹುದು. ಅದರ ಪಕ್ಕ ಯಾವ ಎಎಚ್‌ಯು, ಸಪ್ಲೈಯೋ ರಿಟರ್ನೋ, ಯಾವ ಜಾಗ ಎಂದು ಬರೆದ ಫಲಕ ಇರಲಿ. ಪ್ಯಾನೆಲ್‌ನಲ್ಲಿ ತೋರುವ ಹೆಸರೂ ಅಕ್ಷರಶಃ ಅದೇ ಆಗಿರಬೇಕು. ಡಿಟೆಕ್ಟರ್ ಕೆಳಗಿನ ಸೀಲಿಂಗ್ ಟೈಲ್‌ಗೆ ಗುರುತು ಅಂಟಿಸಿ, ಸೀಲಿಂಗ್ ಬಿಗಿಯಾಗಿದ್ದರೆ ಕನಿಷ್ಠ 600 ಮಿ.ಮೀ. ಚೌಕದ ಬಾಗಿಲು ಮಾಡಿಸಿ, ಮುಚ್ಚಳ ಬಿಚ್ಚಲು ಮತ್ತು ಟ್ಯೂಬ್ ಹೊರಕ್ಕೆ ಎಳೆಯಲು ಅಷ್ಟಾದರೂ ಜಾಗ ಬೇಕು.